ಬರವನ್ನು ಓದುವ ಗಿಡ

ಹಿಂಗಾರಿ ಮಳೆ ಕೈಕೊಟ್ಟಾಗ ಗುಡಗೇರಿಯ ಎರೆಹೊಲದ ಜೋಳ ಸುಮ್ಮನೆ ಬಾಡುತ್ತ ನಿಲ್ಲುವುದಿಲ್ಲ. ಅದರೊಳಗೊಂದು ಓದು ನಡೆದಿರುತ್ತದೆ. ಡಿ.ಎನ್.ಎ. ಎಂಬ ಹುರಿಗೊಂಡ ಹಗ್ಗದಲ್ಲಿ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳು. ಬರ ತಾಳಿಸುವ ಹಲವು ಜೀನುಗಳ ಮುಂದೆ ‘ಎಸಿಸಿಜಿಎಸಿ’ ಎಂಬ ಗುರುತುಂಟು. ಸಾಸಿವೆ ಕುಲದ ಪುಟ್ಟ ಗಿಡವೊಂದರಲ್ಲಿ ಇದನ್ನು 1994ರಲ್ಲಿ ತೋರಿಸಿದವರು ಜಪಾನಿನ ಶಿನೋಜಾಕಿ ದಂಪತಿಗಳು.

‘ಡ್ರೆಬ್’ ಎಂಬ ಪ್ರೋಟೀನು ತನ್ನ ಮೂರೆಳೆಯ ಮಡಿಕೆಯನ್ನು ಹಗ್ಗದ ಅಗಲ ಸಂದಿಗೆ ಒತ್ತಿ, ಹುರಿ ಬಿಚ್ಚದೆಯೇ ಅಕ್ಷರಗಳ ಅಂಚು ಮುಟ್ಟಿ ಗುರುತನ್ನು ಹಿಡಿಯುತ್ತದೆ. ಜೀನು ಕೆಲಸಕ್ಕೆ ತೊಡಗುತ್ತದೆ. ಅಕ್ಷರ ತಪ್ಪಿದರೆ ಹಿಡಿತ ಸಡಿಲ. ಕಾಗುಣಿತ ತಿದ್ದುವ ನಮಗೂ ಇಷ್ಟು ಬಿಗಿಯಿಲ್ಲವೆನ್ನಿ! ಜೋಳದಲ್ಲಿಯೂ ಈ ವಂಶದ ಪ್ರೋಟೀನುಗಳಿವೆ.

ಹಾಗಾದರೆ ಡ್ರೆಬ್ಬನ್ನು ಸದಾ ಎಚ್ಚರವಿಟ್ಟರಾಗದೆ? ಹಾಗೆ ಮಾಡಿ ನೋಡಲಾಗಿ ಗಿಡ ಬರ ತಾಳಿತು, ಆದರೆ ಗಿಡ್ಡಾಯಿತು. ನೀರು ಬತ್ತಿದಾಗಲೇ ಅದು ಎಚ್ಚರಗೊಳ್ಳುವಂತೆ ಮಾಡಿದಾಗ ಬೆಳವಣಿಗೆ ಅಷ್ಟಾಗಿ ಕುಂದಲಿಲ್ಲವೆಂದು 1999ರಲ್ಲಿ ಕಂಡುಬಂದಿತು.