ಮರದ ಪೈಪು ಮತ್ತು ಮಣ್ಣಿನ ಚಿಲುಮೆ

ಕೈಗೆಲಸವನ್ನು ಹವ್ಯಾಸವಾಗಿ ಇಟ್ಟುಕೊಂಡವರು ಮರದಲ್ಲಿ ಮಾಡುವ ವಸ್ತುಗಳ ಪೈಕಿ ಹೊಗೆಸೊಪ್ಪು ಸೇದುವ ಪೈಪು ವಿಚಿತ್ರವಾದುದು. ಮಣೆಯಾಗಲಿ, ಪೆಟ್ಟಿಗೆಯಾಗಲಿ, ಬೊಂಬೆಯಾಗಲಿ, ಮಾಡುವವನು ಮರವನ್ನು ಬೆಂಕಿಯಿಂದ ದೂರವಿಡುತ್ತಾನೆ. ಪೈಪನ್ನು ಮಾಡುವವನಾದರೋ ಬೆಂಕಿಯನ್ನು ಮರದ ಹೊಟ್ಟೆಯಲ್ಲಿಯೇ ಇಡಬೇಕು. ಆದರೂ ಮರವು ಉರಿಯಕೂಡದು. ಯೂರೋಪಿನಲ್ಲಿ ಈ ತೊಡಕನ್ನು ಒಂದು ಗಿಡದ ಬೇರಿನ ಗಂಟು ಪರಿಹರಿಸಿತು. ಆ ಗಿಡ ನಮ್ಮ ಕಾಡುಗಳದಲ್ಲ. ಹೀಗಿರುವಾಗ ನುಂಗಂಬಾಕ್ಕಂನ ಮನೆಯೊಂದರ ಜಗಲಿಯಲ್ಲಿ ಅರ, ಉಳಿ, ಬೈರಿಗೆಗಳನ್ನು ಹರಡಿಕೊಂಡು ಕುಳಿತ ಕನ್ನಡಿಗನೊಬ್ಬನು ನಮ್ಮ ನಾಡಿನ ಮರದಿಂದಲೇ ಪೈಪನ್ನು ಮಾಡಬಯಸಿದರೆ ಅವನಿಗೆ ದಾರಿ ಯಾವುದು? ಈ ಪ್ರಶ್ನೆಗೆ ಉತ್ತರವು ಕನ್ನಡನಾಡಿನ ಹಳೆಯ ಚಿಲುಮೆಯಲ್ಲಿಯೇ ಅಡಗಿದೆ ಎಂದರೆ ತಪ್ಪಾಗಲಾರದು.

ಮೊದಲು ಶಬ್ದಗಳನ್ನು ನೋಡಬಹುದು. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದ ಈ ಎಲೆಗೆ ದ್ರಾವಿಡ ಭಾಷೆಗಳು ಹೊರಗಿನ ಹೆಸರನ್ನು ಹಾಗೆಯೇ ಉಳಿಸಿಕೊಳ್ಳದೆ ತಮ್ಮದೇ ಹೆಸರನ್ನು ಕಟ್ಟಿಕೊಂಡವು. ಕನ್ನಡದ ಹೊಗೆಸೊಪ್ಪು, ತಮಿಳಿನ ಪುಗೈಯಿಲೈ, ತೆಲುಗಿನ ಪೊಗಾಕು, ಮಲೆಯಾಳದ ಪುಗಯಿಲ, ಈ ನಾಲ್ಕೂ ಒಂದೇ ಅಚ್ಚಿನಲ್ಲಿ ಎರಕವಾದ ಸಮಾಸಗಳು. ಸೇದುವ ಸಾಧನದ ಹೆಸರು ಮಾತ್ರ ಹೊರಗಿನದು: ಪಾರಸಿಯ ಚಿಲಮ್ ನಮ್ಮಲ್ಲಿ ಚಿಲುಮೆಯಾಯಿತು. ನೀರು ಚಿಮ್ಮುವ ಚಿಲುಮೆಗೂ ಹೊಗೆ ಕಾರುವ ಚಿಲುಮೆಗೂ ರೂಪ ಒಂದೇ ಆದರೂ ವಂಶ ಬೇರೆ. ಆಂಗ್ಲರ ಕಾಲದಲ್ಲಿ ಬಂದ ಪೈಪು ಎಂಬ ಹೆಸರು ಬಾಗಿದ ಮರದ ಸಾಧನಕ್ಕೆ ನಿಂತಿತು. ಮಣ್ಣಿನದು ಚಿಲುಮೆಯಾಗಿಯೇ ಉಳಿಯಿತು. ಈ ಲೇಖನದಲ್ಲಿಯೂ ಆ ವ್ಯತ್ಯಾಸವನ್ನೇ ಅನುಸರಿಸಿದೆ.

ಉತ್ತರ ಹಿಂದೂಸ್ಥಾನದ ದೊರೆಗಳಿಗೆ ಹೊಗೆಸೊಪ್ಪಿನ ಪರಿಚಯ ಮಾಡಿಸಿದುದು ಕನ್ನಡನಾಡಿನ ಬಿಜಾಪುರವೆಂಬುದು ಹಲವರಿಗೆ ಹೊಸ ಸಂಗತಿಯಾಗಿರಬಹುದು. ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಅಕ್ಬರನು ಕಳುಹಿಸಿದ್ದ ಅಸದ್ ಬೇಗನು ಅಲ್ಲಿ ಈ ಎಲೆಯನ್ನು ಕಂಡು, ಸುಮಾರು 1604ರಲ್ಲಿ ಆಗ್ರಾಕ್ಕೆ ಹಿಂದಿರುಗುವಾಗ ಅದನ್ನು ಕೊಂಡೊಯ್ದನು. ಚಕ್ರವರ್ತಿಗೆ ಒಪ್ಪಿಸಲು ಅವನು ಸಿದ್ಧಪಡಿಸಿದ ಸೇದುಗೊಳವೆಯ ವರ್ಣನೆ ಅವನ ಬರೆಹದಲ್ಲಿಯೇ ಉಳಿದಿದೆ. ಅದರ ಕೊಳವೆ ಸುಮಾತ್ರದ ಆಚೆ ಪಟ್ಟಣದಿಂದ ಬಂದುದು. ಮೂರು ಮೊಳ ಉದ್ದ, ಚೆನ್ನಾಗಿ ಒಣಗಿಸಿ ಬಣ್ಣ ಕಟ್ಟಿದ್ದು, ಎರಡು ತುದಿಗಳಲ್ಲಿಯೂ ರತ್ನ ಮತ್ತು ಮೀನಾಕಾರಿ ಕೆಲಸ. ಬಾಯಿಗಿಡುವ ತುದಿ ಯೆಮನ್ ದೇಶದ ಕೆಂಪು ಅಕೀಕ ಶಿಲೆಯದು. ಹೊತ್ತಿಸುವ ಸಾಧನ ಬಂಗಾರದ್ದು. ಎಲೆಯನ್ನು ತುಂಬಿದುದು ಆದಿಲಶಾಹನು ಕೊಟ್ಟ ತಾಂಬೂಲದ ಚೀಲದಲ್ಲಿ. ಅಕ್ಬರನು ಒಂದೆರಡು ಬಾರಿ ಸೇದಿದನು. ಆಸ್ಥಾನದ ವೈದ್ಯನು ತಡೆದನು. ಪರೀಕ್ಷಿಸದ ಪರದೇಶದ ಪದ್ಧತಿ ನಮಗೇಕೆ ಎಂದು ವೈದ್ಯನೂ, ಲೋಕದ ಪದ್ಧತಿಗಳೆಲ್ಲ ಒಂದು ಕಾಲಕ್ಕೆ ಹೊಸವೇ ಆಗಿದ್ದವಲ್ಲವೆ ಎಂದು ಅಸದ್ ಬೇಗನೂ ವಾದಿಸಿದರು. ಅಕ್ಬರನು ಚಟವನ್ನು ಬೆಳೆಸಿಕೊಳ್ಳಲಿಲ್ಲ, ಸರದಾರರು ಬೆಳೆಸಿಕೊಂಡರು. ಅದೇ 1604ರಲ್ಲಿ ಇಂಗ್ಲೆಂಡಿನ ಮೊದಲನೆಯ ಜೇಮ್ಸ್ ದೊರೆ ಹೊಗೆಸೊಪ್ಪನ್ನು ಖಂಡಿಸಿ ಪುಸ್ತಿಕೆಯನ್ನು ಪ್ರಕಟಿಸಿದನು; 1617ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆಯನ್ನೇ ಹೊರಡಿಸಿದನು. ಎರಡರಿಂದಲೂ ಹೊಗೆ ಆರಲಿಲ್ಲ.

ವೈಭವವನ್ನು ಬದಿಗಿಟ್ಟು ಆ ಸಾಧನದ ರಚನೆಯನ್ನು ಗಮನಿಸಿದರೆ, ಒಂದೊಂದು ಭಾಗವೂ ತನ್ನ ಕೆಲಸಕ್ಕೆ ತಕ್ಕ ಬೇರೆ ಬೇರೆ ಪದಾರ್ಥದಿಂದ ಆದುದು ಕಾಣುತ್ತದೆ. ಮುಂದೆ ಬಳಕೆಗೆ ಬಂದ ಹುಕ್ಕಾದಲ್ಲಿ ಈ ವಿಂಗಡಣೆ ಇನ್ನೂ ಸ್ಪಷ್ಟವಾಯಿತು. ನೀರಿನ ಪಾತ್ರೆ ಬಡವರಲ್ಲಿ ತೆಂಗಿನ ಕರಟ. ಸಿರಿವಂತರಲ್ಲಿ, ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರಿನ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪೇರಿಸಿದ ಬಿದರಿ ಪಾತ್ರೆ. ನಡುವೆ ನಿಲ್ಲುವ ಕೊಳವೆ ಮರದ್ದು. ಕೆಂಡವನ್ನು ಹೊರುವ ಮೇಲಿನ ಬಟ್ಟಲು ಮಾತ್ರ ಸುಟ್ಟ ಮಣ್ಣಿನದು. ಹಳ್ಳಿಯ ರೈತನ ಕೈಚಿಲುಮೆಯಂತೂ ಪೂರ್ತಿ ಮಣ್ಣಿನದೇ. ಕೆಂಡ ಬಾಯಿಗೆ ಜಾರದಂತೆ ಒಳಗೊಂದು ಹರಳು, ಬುಡಕ್ಕೆ ಒದ್ದೆ ಬಟ್ಟೆಯ ತುಂಡು. ನಮ್ಮವರ ಪದ್ಧತಿಯಲ್ಲಿ ಮರವು ಹೊಗೆಯನ್ನು ಸಾಗಿಸುತ್ತಿತ್ತು, ಬೆಂಕಿಯನ್ನು ಹೊರುತ್ತಿರಲಿಲ್ಲ.

ಬೆಂಕಿಯನ್ನು ಮರದೊಳಗೆ ಇಟ್ಟು ಗೆದ್ದವರು ಫ್ರಾನ್ಸಿನ ಜೂರಾ ಬೆಟ್ಟಸಾಲಿನ ಸ್ಯಾಂ ಕ್ಲೋದ್ ಎಂಬ ಊರಿನವರು. ನಮ್ಮ ಚನ್ನಪಟ್ಟಣದಂತೆ ಅದೂ ಕಡೆತದ ಕೆಲಸದವರ ಊರು. ಯಾತ್ರಿಕರಿಗಾಗಿ ಮರದ ಜಪಮಾಲೆ ಮೊದಲಾದುವನ್ನು ಕಡೆಯುತ್ತಿದ್ದ ಅವರ ಕೈಗೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಯರ್ ದೊರೆಯಿತು. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಒಣನೆಲದಲ್ಲಿ ಬೆಳೆಯುವ ಎರಿಕಾ ಆರ್ಬೋರಿಯ ಎಂಬ ಪೊದೆಯ, ಕಾಂಡಕ್ಕೂ ಬೇರಿಗೂ ನಡುವಣ ಗಂಟು. ಎಳೆಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ಕಾವಿಗೆ ಸುಲಭವಾಗಿ ಸೀಳುವುದಿಲ್ಲ, ಬೇಗನೆ ಹೊತ್ತುವುದೂ ಇಲ್ಲ. ಆದರೂ ಅದನ್ನು ಹಾಗೆಯೇ ಕೊರೆಯುವುದಿಲ್ಲ: ಹಲವು ಗಂಟೆಗಳ ಕಾಲ ನೀರಿನಲ್ಲಿ ಕುದಿಸಿ ರಸವನ್ನು ತೆಗೆದು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆರಳಿನಲ್ಲಿ ಆರಿಸುತ್ತಾರೆ.

ಮರ ಯಾವುದೇ ಇರಲಿ, ಪೈಪಿನ ಗುಣವನ್ನು ನಿರ್ಣಯಿಸುವುದು ಹೊರಗಿನ ರೂಪವಲ್ಲ, ಒಳಗಿನ ರಂಧ್ರ. ಅನುಭವಿಗಳಾದ ಹವ್ಯಾಸಿಗಳಲ್ಲಿ ಅನೇಕರು ತುಂಡು ಇನ್ನೂ ಚೌಕವಾಗಿರುವಾಗಲೇ, ಹಿಡಿಕೆಯಲ್ಲಿ ಅಲುಗದಂತೆ ಬಿಗಿದು, ರಂಧ್ರಗಳನ್ನು ಕೊರೆದುಬಿಡುತ್ತಾರೆ. ಹೊರಗಿನ ಕೆತ್ತನೆ ಆಮೇಲೆ. ಸೊಪ್ಪನ್ನು ತುಂಬುವ ಕುಳಿ ಸುಮಾರು 20 ಮಿಲಿಮೀಟರು ಅಗಲ. ಹೊಗೆಯ ದಾರಿ ಸುಮಾರು 4 ಮಿಲಿಮೀಟರು. ಈ ಸಣ್ಣ ದಾರಿ ಕುಳಿಯ ತಳದ ನಟ್ಟನಡುವೆ ಬಂದು ಕೂಡಬೇಕು. ಕೂದಲೆಳೆಯಷ್ಟು ಮೇಲೆ ಬಂದರೂ ತಳದ ಸೊಪ್ಪು ಉರಿಯದೆ ಒದ್ದೆಯಾಗಿ ನಿಲ್ಲುತ್ತದೆ. ಕೆಳಗೆ ಸರಿದರೆ ತಳ ತೆಳುವಾಗಿ ಸುಡುತ್ತದೆ. ಹತ್ತು ದಿನದ ಕೆಲಸ ಕೆಡುವುದು ಸಾಮಾನ್ಯವಾಗಿ ಈ ಒಂದು ಗಳಿಗೆಯಲ್ಲಿ. ಕುಳಿಯ ಒಳಗೆ ಮೆರುಗೆಣ್ಣೆ ಹಚ್ಚಬಾರದು. ಬಳಸಿದಂತೆ ಕಟ್ಟುವ ತೆಳುವಾದ ಮಸಿಯ ಪದರವೇ ಮರಕ್ಕೆ ಕವಚ. ಬಾಯಿಗಿಡುವ ತುಂಡಿಗೆ ಎಬೊನೈಟು, ಅಂದರೆ ಗಂಧಕದೊಡನೆ ಕಾಯಿಸಿ ಗಟ್ಟಿಮಾಡಿದ ರಬ್ಬರು, ಹಲ್ಲಿಗೆ ಹಿತ. ರಾಜಮಹೇಂದ್ರಿಯ ರತ್ನಂ ಪೆನ್ನುಗಳು ಪ್ರಸಿದ್ಧವಾದುದು ಇದೇ ಪದಾರ್ಥದಿಂದ.

ನುಂಗಂಬಾಕ್ಕಂನ ಹವ್ಯಾಸಿಗೆ ಇನ್ನೊಂದು ತೊಡಕುಂಟು: ಗಾಳಿಯ ತೇವ. 1792ರಲ್ಲಿ ಮದರಾಸಿನ ಖಗೋಳ ವೀಕ್ಷಣಾಲಯವು ನೆಲೆಗೊಂಡುದು ಈ ಬಡಾವಣೆಯಲ್ಲಿಯೇ. ಇಂದಿಗೂ ನಗರದ ಮಳೆ ಸೆಕೆಗಳ ಲೆಕ್ಕವನ್ನು ಪತ್ರಿಕೆಗಳು ನುಂಗಂಬಾಕ್ಕಂ, ಮೀನಂಬಾಕ್ಕಂಗಳ ಹೆಸರಿನಲ್ಲಿ ಕೊಡುತ್ತವೆ. ವರ್ಷಕ್ಕೆ ಸುಮಾರು 1,400 ಮಿಲಿಮೀಟರು ಮಳೆ, ಅದರಲ್ಲಿ ಹೆಚ್ಚಿನದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮೈಸೂರಿನ ಒಣಹವೆಯಲ್ಲಿ ಸಡಿಲವಾಗಿ ಕೂಡುತ್ತಿದ್ದ ಕೀಲು ಇಲ್ಲಿ ಐಪ್ಪಸಿ ತಿಂಗಳ ಮಳೆಗೆ ಉಬ್ಬಿ ಬಿಗಿದುಕೊಳ್ಳುತ್ತದೆ. ಬಲವಂತದಿಂದ ತಿರುಗಿಸಿದರೆ ಕತ್ತು ಸೀಳುತ್ತದೆ. ಕೀಲಿನ ಮೇಲೆ ಸೀಸದ ಕಡ್ಡಿಯನ್ನು ಉಜ್ಜುವುದು ಹಳೆಯ ಉಪಾಯ. ಹಸಿಯ ತುಂಡಿನ ಎರಡು ತುದಿಗಳಿಗೂ ಮೇಣ ಬಳಿದು, ವಾರಕ್ಕೊಮ್ಮೆ ತೂಗಿ, ತೂಕವನ್ನು ಬರೆದಿಡಬೇಕು. ಒಣಗುತ್ತಿರುವ ಮರವು ಪ್ರಾಮಾಣಿಕ ಸಾಲಗಾರನಂತೆ ಪ್ರತಿ ವಾರವೂ ಅಷ್ಟಿಷ್ಟು ತೀರಿಸುತ್ತದೆ; ಅಂಕಿ ಇಳಿಯುವುದು ನಿಂತ ಮೇಲೆ ಉಳಿಯನ್ನು ಹಿಡಿಯಬಹುದು.

ಇನ್ನು ನಮ್ಮ ಮರಗಳ ಮಾತು. ಚನ್ನಪಟ್ಟಣದ ಬೊಂಬೆಗಳ ಆಲೆಮರ ಕಡೆತಕ್ಕೆ ಬೆಣ್ಣೆಯಂತಹುದು, ಆದರೆ ಕೆಂಡಕ್ಕೆ ಮೃದು. ಅಲ್ಲಿಯ ಅರಗಿನ ಬಣ್ಣವೂ ಪೈಪಿನ ಬಟ್ಟಲಿಗೆ ಒಗ್ಗದು: ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಕಾವಿಗೇ ಅದು ಕರಗಿ ಹರಡಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ಹೊಳಪು ಬರುತ್ತದೆ. ಕಾವಿನಿಂದ ಹತ್ತಿದ ಬಣ್ಣ ಕಾವಿನಿಂದಲೇ ಬಿಡುವುದು ಸಹಜ. ತಣ್ಣಗಿರುವ ಕೊಳವೆಗೆ ಮಾತ್ರ ಅದು ಒಪ್ಪುತ್ತದೆ. ಬೀಟೆ ಗಟ್ಟಿಯೂ ಸುಂದರವೂ ಹೌದು; ಅದರ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗದು. ಗಂಧದ ಎಣ್ಣೆ ಹೊಗೆಯೊಡನೆ ಬೆರೆಯುತ್ತದೆ. ಕಣಗಿಲೆಯಂತಹ ವಿಷದ ಗಿಡಗಳನ್ನಂತೂ ಮುಟ್ಟಲೇಬಾರದು. ಹುಣಸೆಯ ಚೇಗು, ಗಾಡಿಯ ಚಕ್ರಕ್ಕೆ ಬಳಸುತ್ತಿದ್ದ ಜಾಲಿಯ ಚೇಗು ಇವು ಗಟ್ಟಿಯೇನೋ ಹೌದು, ಆದರೆ ಬ್ರಯರಿನ ಹೆಣಿಗೆ ಇವುಗಳಿಗಿಲ್ಲ.

ಆದುದರಿಂದ ಬ್ರಯರಿಗೆ ಬದಲಿ ಮರವನ್ನು ಹುಡುಕುವುದಕ್ಕಿಂತ ಹಳೆಯ ವಿಂಗಡಣೆಗೆ ಮರಳುವುದು ಲೇಸು. ಕುಂಬಾರನ ಸಣ್ಣ ಚಿಲುಮೆಯ ಬಟ್ಟಲನ್ನು ಮರದ ಒಡಲಿನೊಳಗೆ ಕೂರಿಸಿ, ಸುತ್ತಲೂ ಸ್ವಲ್ಪ ಬಯಲು ಬಿಟ್ಟು, ಅಂಚಿಗೆ ಬೂಚಿನ ಬಳೆಯನ್ನು ಕೊಟ್ಟರೆ ಬೆಂಕಿಯನ್ನು ಮಣ್ಣು ಹೊರುತ್ತದೆ. ಇದು ಕೇವಲ ಕಲ್ಪನೆಯಲ್ಲ. ದಕ್ಷಿಣ ಆಫ್ರಿಕದ ಸೋರೆಬುರುಡೆಯ ಪೈಪಿನಲ್ಲಿ ಮೀರ್‌ಶಾಮ್ ಎಂಬ ಹಗುರವಾದ ಬಿಳಿಯ ಖನಿಜದ ಬಟ್ಟಲು ಹೀಗೆಯೇ ಕೂರುತ್ತದೆ. ಹೊಗೆಯು ಕೆಳಗಿನ ಬಯಲಿನಲ್ಲಿ ತಂಗಿ ತಣಿದು ಬರುತ್ತದೆ. ಇದರಿಂದ ಮತ್ತೊಂದು ಲಾಭವೂ ಉಂಟು. ಕುಳಿಯ ತಳಕ್ಕೆ ನೇರವಾಗಿ ಕೊರೆಯಬೇಕಾದ ಆ ಕಠಿಣ ಸೂಕ್ಷ್ಮತೆ ಇಲ್ಲಿ ಬೇಡ. ದಾರಿಯು ಬಯಲಿಗೆ ಎಲ್ಲಿ ತೆರೆದರೂ ನಡೆಯುತ್ತದೆ. ಆಲೆಮರವೂ ಅರಗಿನ ಬಣ್ಣವೂ, ಬಟ್ಟಲಿನಿಂದ ದೂರವಿರುವಲ್ಲಿ, ಉಪಯೋಗಕ್ಕೆ ಬರುತ್ತವೆ.

ಇಷ್ಟು ಹೇಳಿದ ಮೇಲೆ ವೈದ್ಯನ ಪಕ್ಷವನ್ನು ಮರೆಯುವಂತಿಲ್ಲ. ಪೈಪಿನ ಹೊಗೆಯೂ ತುಟಿ, ನಾಲಗೆ, ಗಂಟಲು, ಶ್ವಾಸಕೋಶಗಳ ಅರ್ಬುದಕ್ಕೆ ಕಾರಣವೆಂಬುದು ಸಿದ್ಧವಾದ ವಿಷಯ; ಅಕ್ಬರನ ವೈದ್ಯನು ಕೇಳಿದ ಪರೀಕ್ಷೆ ಮೂರೂವರೆ ಶತಮಾನಗಳ ತರುವಾಯ ನಡೆದು ಅವನೇ ಗೆದ್ದನು. 2003ರ ಕೇಂದ್ರದ ಕಾನೂನು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಬಿಜಾಪುರವಿರುವ ಕರ್ನಾಟಕದಲ್ಲಿಯೇ 2024ರ ಫೆಬ್ರವರಿಯಲ್ಲಿ ಹುಕ್ಕಾದ ಮಾರಾಟ ಸೇವನೆಗಳಿಗೆ ತಡೆ ಬಂದಿತು. ಪೈಪನ್ನು ಕೊರೆಯುವ ಹವ್ಯಾಸಿಯು ಅದನ್ನು ಹೊತ್ತಿಸಲೇಬೇಕೆಂಬ ನಿಯಮವೇನೂ ಇಲ್ಲ. ರಂಧ್ರವು ಸರಿಯಾಗಿದೆಯೆ ಎಂದು ತಿಳಿಯಲು ಬೆಂಕಿ ಬೇಕಾಗಿಲ್ಲ: ಕುಳಿಯ ಬಾಯನ್ನು ಅಂಗೈಯಿಂದ ಮುಚ್ಚಿ, ತುದಿಯಿಂದ ಮೆಲ್ಲನೆ ಉಸಿರೆಳೆದರೆ, ಕೀಲು ಎಲ್ಲಿ ಸಡಿಲವಾಗಿದೆಯೋ ಅಲ್ಲಿಂದ ಗಾಳಿಯ ಸಣ್ಣ ಸಿಳ್ಳು ಕೇಳಿಸುತ್ತದೆ.