ಮುಖ ಒಬ್ಬರದು, ದನಿ ಇನ್ನೊಬ್ಬರದು!

ಸೀರೆ ಮಾರುವವನು ಸೀರೆಯನ್ನೇ ಬಿಡಿಸಿ ತೋರಿಸುತ್ತಾನೆ. ಮಾವಿನ ಹಣ್ಣು ಮಾರುವಾಕೆ ಒಂದು ಹೋಳು ಕೊಯ್ದು ಕೈಗಿಡುತ್ತಾಳೆ. ಆದರೆ ಹಾಡು ಮಾರುವವನು ಪತ್ರಿಕೆಯ ಪುಟದಲ್ಲಿ ಏನನ್ನು ತೋರಿಸಬೇಕು, ಹೇಳಿ ಸ್ವಾಮಿ? ಕಾಗದಕ್ಕೆ ಗಂಟಲಿಲ್ಲ. ಗೋಡೆಯ ಪೋಸ್ಟರು ಪಲ್ಲವಿ ಎತ್ತುವುದಿಲ್ಲ. ಕಿವಿಗೆ ಸೇರಬೇಕಾದ ಸರಕನ್ನು ಕಣ್ಣಿಗೆ ಮಾರಬೇಕು!

ಹಾಡು ಕೇಳುವ ಚಪಲ ನನಗೆ ಎಷ್ಟಿದೆಯೋ, ಹಾಡಿನ ಜಾಹೀರಾತು ನೋಡುವ ಚಪಲವೂ ಅಷ್ಟೇ ಇದೆ. ಎಲ್.ಪಿ. ರೆಕಾರ್ಡಿನ ಕವರು, ಕ್ಯಾಸೆಟ್ಟಿನ ಒಳಚೀಟಿ, ಸಿನಿಮಾ ಪತ್ರಿಕೆಯ ಹಿಂಬದಿಯ ಬಣ್ಣದ ಪುಟ, ಈಗೀಗ ಮೊಬೈಲ್ ಪರದೆ... ಯಾವುದನ್ನೂ ಬಿಟ್ಟವನಲ್ಲ. ನೋಡುತ್ತಾ ನೋಡುತ್ತಾ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟು ಚೆಂದದ ಚಿತ್ರದಲ್ಲಿ ನಾಯಕ ಇದ್ದಾನೆ, ನಾಯಕಿ ಇದ್ದಾಳೆ, ಹೂವಿದೆ, ಜಲಪಾತವಿದೆ. ಹಾಡಿದವರು ಎಲ್ಲಿ? ಹಾಡು ಬರೆದವರು ಎಲ್ಲಿ?

ಬನ್ನಿ, ಸ್ವಲ್ಪ ಹುಡುಕೋಣ.

ನಾಯಿ ಕೇಳಿದ ದನಿ

ನಮ್ಮ ಅಜ್ಜಂದಿರು ರೆಕಾರ್ಡನ್ನು ಗುರುತಿಸುತ್ತಿದ್ದುದು 'ನಾಯಿ ಮಾರ್ಕು' ಎಂದು. ಗ್ರಾಮಫೋನಿನ ಕಹಳೆಯ ಮುಂದೆ ತಲೆ ವಾಲಿಸಿಕೊಂಡು ಕೂತ ಆ ಬಿಳಿ ನಾಯಿಯ ಹೆಸರು ನಿಪ್ಪರ್. ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಚಿತ್ರಕಾರ ಅದನ್ನು ಬರೆದದ್ದು 1898ರಲ್ಲಿ. ಆಗ ನಾಯಿಯೇ ಬದುಕಿರಲಿಲ್ಲ, 1895ರಲ್ಲೇ ಸತ್ತಿತ್ತು! ಮೊದಲು ಬರೆದಾಗ ಚಿತ್ರದಲ್ಲಿದ್ದುದು ಉರುಳೆಯ ಫೋನೋಗ್ರಾಫು. 1899ರಲ್ಲಿ ಗ್ರಾಮಫೋನ್ ಕಂಪನಿಯವರು ಚಿತ್ರವನ್ನು ಕೊಂಡರು. ಆದರೆ ಒಂದು ಷರತ್ತು ಹಾಕಿದರು: ಆ ಯಂತ್ರ ಅಳಿಸಿ ನಮ್ಮ ಯಂತ್ರ ಬರೆದುಕೊಡಿ! ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು. ನೂರು ಪೌಂಡಿನ ಆ ನಾಯಿ ಪ್ರಪಂಚವನ್ನೇ ಸುತ್ತಿತು.

ಆ ಚಿತ್ರದ ಜಾಣತನ ನೋಡಿ. ಅದರಲ್ಲಿ ಹಾಡುವವರು ಇಲ್ಲ, ಕೇಳುವವರು ಇದ್ದಾರೆ. ನಾಯಿಯೇ ಮೈಮರೆತು ಕೇಳುತ್ತಿದೆ ಎಂದಮೇಲೆ ನೀವು ಕೇಳುವುದಿಲ್ಲವೇ? ಅಕ್ಷರ ಬಾರದವರೂ ಅಂಗಡಿಗೆ ಹೋಗಿ 'ನಾಯಿ ಮಾರ್ಕು ಕೊಡಿ' ಎನ್ನಬಹುದಿತ್ತು.

ಆ ಕಾಲದ ಗಾಯಕಿಯರ ಪಾಡೇನು? 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡಿಗೆ ಹಾಡಿದ ಗೌಹರ್ ಜಾನ್ ಹೆಸರು ಕೇಳಿದ್ದೀರಲ್ಲ? ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದರು. ಜಂಭಕ್ಕಲ್ಲ! ರೆಕಾರ್ಡು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡು ಎಂದು ತಿಳಿಯಬೇಕಿತ್ತು. ಮೈಸೂರು ಅರಮನೆಯ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ತನ್ನ ಹೆಸರನ್ನು ತಾನೇ ಹಾಡಿನೊಳಗೆ ಮುದ್ರಿಸಿಟ್ಟ ಆ ತಾಯಿಯ ಬುದ್ಧಿಗೆ ನಾನು ಕೈಮುಗಿಯುತ್ತೇನೆ. ಕವರು ಹರಿದರೂ, ಚೀಟಿ ಕಳೆದರೂ ಆ ಹೆಸರು ಅಳಿಯುವಂತಿಲ್ಲ!

ಬೂದು ಕಾಗದಕ್ಕೆ ಬಣ್ಣ ಬಂತು

'ಆಲ್ಬಂ' ಅನ್ನುವ ಮಾತು ಎಲ್ಲಿಂದ ಬಂತು ಗೊತ್ತೇ? ಹಿಂದೆ ಒಂದು ರೆಕಾರ್ಡಿನ ಒಂದು ಮೈಯಲ್ಲಿ ಮೂರ್ನಾಲ್ಕು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಅಂಥ ಐದಾರು ರೆಕಾರ್ಡುಗಳನ್ನು ಫೋಟೋ ಆಲ್ಬಮ್ಮಿನಂತೆ ಹೊಲಿದ ದಪ್ಪ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಹೊದಿಕೆ ಬೂದು ಬಣ್ಣ, ಇಲ್ಲವೇ ಕಂದು. ಮೇಲೆ ಹೆಸರು, ಅಷ್ಟೇ. 1940ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಇಪ್ಪತ್ಮೂರರ ತರುಣ 'ಇದಕ್ಕೆ ಚಿತ್ರ ಹಾಕೋಣ' ಎಂದ. ನ್ಯೂಯಾರ್ಕಿನ ಒಂದು ನಾಟಕ ಥಿಯೇಟರಿನ ದೀಪದ ಬೋರ್ಡಿನ ಮೇಲೆ ಆಲ್ಬಮ್ಮಿನ ಹೆಸರನ್ನೇ ಬರೆಸಿ, ಫೋಟೋ ಹಿಡಿದು, ಕವರು ಮಾಡಿದ. ಮಾರಾಟ ಏರಿತು. ಅಲ್ಲಿಂದ ಮುಂದೆ ಹಾಡಿಗೆ ಬಟ್ಟೆ ತೊಡಿಸದೆ ಯಾರೂ ಬೀದಿಗೆ ಬಿಡಲಿಲ್ಲ.

ಎಲ್.ಪಿ. ಬಂದಾಗ ಚಿತ್ರಕಾರರಿಗೆ ಹಬ್ಬವೋ ಹಬ್ಬ! ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಉದ್ದ. ಅಂದರೆ 144 ಚದರ ಇಂಚಿನ ಅಂಗಳ. ನಾಯಕ-ನಾಯಕಿ ಮುಂದೆ ನಿಂತರೂ ಹಿಂಬದಿಯಲ್ಲಿ ಹಾಡಿನ ಪಟ್ಟಿ, ಹಾಡಿದವರು, ಬರೆದವರು, ರಾಗ ಹಾಕಿದವರು ಎಲ್ಲರಿಗೂ ಜಾಗವಿತ್ತು.

ಮುಖ ನೋಡಿ ಮಣೆ

ಆಮೇಲೆ ಬಂದದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ಎಂಬತ್ತರ ದಶಕದ ಹೊತ್ತಿಗೆ ನಮ್ಮ ಊರೂರಿನ ಬಸ್‌ಸ್ಟ್ಯಾಂಡನ್ನೂ ಆಕ್ರಮಿಸಿತು. ಅದರ ಮುಖದ ಅಳತೆ ಸುಮಾರು ನಾಲ್ಕು ಇಂಚು, ಎರಡೂವರೆ ಇಂಚು. ಲೆಕ್ಕ ಹಾಕಿ: 144 ಚದರ ಇಂಚು ಇದ್ದದ್ದು ಹತ್ತಕ್ಕೆ ಇಳಿಯಿತು! ತುಂಬಿದ ಮನೆಯಲ್ಲಿ ಜಾಗ ಸಾಲದಾದಾಗ ಹೊರಗೆ ಮಲಗುವವರು ಯಾರು? ಬಡ ನೆಂಟರು. ಇಲ್ಲೂ ಅದೇ ಆಯಿತು. ತಾರೆಯ ಮುಖ ಒಳಗುಳಿಯಿತು. ಹಾಡಿದವರು, ಬರೆದವರು ಮಡಿಕೆಯ ಒಳಭಾಗಕ್ಕೆ, ಇರುವೆಯಂಥ ಅಕ್ಷರಕ್ಕೆ ಸರಿದರು.

ಜಾಹೀರಾತು ಮಾಡುವವರನ್ನೇ ಪೂರ್ತಿ ದೂರುವುದೂ ತಪ್ಪು. ಅವರ ಕಷ್ಟ ಅವರಿಗೆ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಫೋಟೋ ಅಚ್ಚಾಗುವುದು ಚುಕ್ಕಿ ಚುಕ್ಕಿಯಾಗಿ. ಕಾಗದ ಒರಟಾದಷ್ಟೂ ಚುಕ್ಕಿ ದಪ್ಪ. ಸಣ್ಣ ಮುಖ ಹಾಕಿದರೆ ಮಸಿ ಹರಡಿ ನಾಯಕಿಗೂ ಮೀಸೆ ಬರುತ್ತಿತ್ತು! ಬಣ್ಣದ ಪುಟವಾದರೆ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಒಂದು ಕೂದಲೆಳೆ ಜಾರಿದರೆ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ. ಆದ್ದರಿಂದ ಅವರ ಸೂತ್ರ ಸುಲಭ: ಮುಖ ದೊಡ್ಡದು, ಬಣ್ಣ ಗಾಢ, ಅಕ್ಷರ ದಪ್ಪ, ಮಾತು ಕಡಿಮೆ. ಚಿತ್ರದ ಹೆಸರನ್ನು ಪೋಸ್ಟರಿನಲ್ಲಿ ಹೇಗೆ ಕೈಬರಹದಲ್ಲಿ ಬಳುಕಿಸಿ ಬರೆದಿದ್ದರೋ ಕ್ಯಾಸೆಟ್ಟಿನಲ್ಲೂ ಹಾಗೇ. ಓದುವ ಮೊದಲೇ ಕಣ್ಣು ಗುರುತು ಹಿಡಿಯಬೇಕು!

ಗಿರಾಕಿ ಕೇಳುತ್ತಿದ್ದುದೂ ಹಾಗೇ ತಾನೇ? 'ಆ ಹಸಿರು ಸೀರೆ ಫೋಟೋ ಐತಲ್ಲ, ಅದು ಕೊಡಣ್ಣ' ಎಂದರೆ ಅಂಗಡಿಯವ ಹಿಂದೆ ತಿರುಗಿ ನೋಡದೆ ತೆಗೆದುಕೊಡುತ್ತಿದ್ದ.

ಹಾಡಿನ ಜಾತಿಗೆ ತಕ್ಕ ಬಣ್ಣವೂ ಇತ್ತು. ಭಕ್ತಿಗೀತೆ ಎಂದರೆ ಅರಿಶಿನ ಕುಂಕುಮದ ಹಳದಿ ಕೆಂಪು, ದೇವರ ಹಿಂದೆ ಪ್ರಭಾವಳಿ. ಜಾನಪದ ಎಂದರೆ ಎತ್ತಿನಗಾಡಿ, ಹಸಿರು ಗದ್ದೆ, ಡೊಳ್ಳು. ಭಾವಗೀತೆ ಎಂದರೆ ಸಂಜೆ ಬಾನು, ದೋಣಿ, ಒಂಟಿ ಮರ. ಹರಿಕಥೆಯಾದರೆ ಸಾಕ್ಷಾತ್ ದಾಸರದೇ ಮುಖ, ಕೈಯಲ್ಲಿ ಚಿಟಿಕೆ. ಸಿನಿಮಾಕ್ಕೆ ಮಾತ್ರ ಆ ನಿಯಮವಿಲ್ಲ. ತುಟಿ ಆಡಿಸಿದವರೇ ಹಾಡಿನ ಒಡೆಯರು!

ಮೂರು ಅಪವಾದಗಳು

ಕನ್ನಡದ ನೆಲದಲ್ಲಿ ಈ ಕಟ್ಟಳೆ ಮುರಿದ ಮೂರು ಸಂಗತಿ ನನಗೆ ಬಹಳ ಇಷ್ಟ.

ಮೊದಲನೆಯದು ಡಾ॥ ರಾಜ್. ಬಹುಕಾಲ ಅಣ್ಣಾವ್ರ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಅವರ ದನಿ. ಒಬ್ಬರು ಶರೀರ, ಒಬ್ಬರು ಶಾರೀರ ಎಂದೇ ಮಾತಿತ್ತು. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಆಗ ಏನಾಯಿತು ನೋಡಿ: ಜಾಹೀರಾತಿನ ಮುಖವೂ ಅವರದೇ, ದನಿಯೂ ಅವರದೇ! ಚಿತ್ರ ಸುಳ್ಳು ಹೇಳುವ ಪ್ರಮೇಯವೇ ಇಲ್ಲ. 'ಜೀವನ ಚೈತ್ರ'ದ ಹಾಡಿಗೆ ಅವರಿಗೆ ಶ್ರೇಷ್ಠ ಗಾಯಕನೆಂದೇ ರಾಷ್ಟ್ರಪ್ರಶಸ್ತಿ ಬಂತು.

ಎರಡನೆಯದು 'ನಿತ್ಯೋತ್ಸವ'. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಹೆಸರಾದ ಇದು ಬಂದದ್ದು 1978ರಲ್ಲಿ. ಕವಿ ಕೆ.ಎಸ್. ನಿಸಾರ್ ಅಹಮದ್, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಫೈಟಿಂಗ್ ಮೊದಲೇ ಇಲ್ಲ! ಕವಿಯ ಹೆಸರಿನಲ್ಲೇ ಹಾಡು ಮನೆಮನೆಗೆ ಹೋಯಿತು. ಕೊನೆಗೆ ನಿಸಾರರನ್ನೇ ಜನ 'ನಿತ್ಯೋತ್ಸವದ ಕವಿ' ಎಂದು ಕರೆದರು.

ಮೂರನೆಯದು 1987ರ 'ಪ್ರೇಮಲೋಕ'. ಆ ಚಿತ್ರ ಎಂದರೆ ರವಿಚಂದ್ರನ್, ಜೂಹಿ ಚಾವ್ಲಾ, ಮೋಟಾರ್ ಬೈಕು, ಕಾಲೇಜು... ಕಣ್ಣಿಗೆ ಬೇಕಾದ್ದೆಲ್ಲ ಇತ್ತು. ದನಿ ಎಸ್.ಪಿ.ಬಿ., ಎಸ್. ಜಾನಕಿ ಮೊದಲಾದವರದು. ಆದರೆ ಆ ಚಿತ್ರದ ಯಶಸ್ಸಿನ ನಂತರ ಇನ್ನೊಂದು ಹೆಸರೂ ಜಾಹೀರಾತುಗಳಲ್ಲಿ ಉಬ್ಬತೊಡಗಿತು: ಸಾಹಿತ್ಯ-ಸಂಗೀತ ಹಂಸಲೇಖ! ತೆರೆಯ ಮೇಲೆ ಕಾಣದವರ ಹೆಸರಿಗೂ ಕ್ಯಾಸೆಟ್ ಖರ್ಚಾಗುತ್ತದೆ ಎಂದು ಗಾಂಧಿನಗರಕ್ಕೆ ಗೊತ್ತಾಯಿತು. ನೋಡಿ, ಹೆಸರಿಗೆ ಜಾಗ ಕೊಟ್ಟರೆ ಜನ ಓದುತ್ತಾರೆ. 'ಜನಕ್ಕೆ ಮುಖ ಸಾಕು' ಅನ್ನುವವರ ವಾದ ಇಲ್ಲಿ ಮಣ್ಣುಮುಕ್ಕುತ್ತದೆ.

ಕವರು ನೋಡಿ ಕೊಂಡವರ ಪಾಡು

ಇಷ್ಟೇ ಆಗಿದ್ದರೆ ಮರ್ಯಾದೆಯ ಪ್ರಶ್ನೆ ಎಂದು ಸುಮ್ಮನಿರಬಹುದಿತ್ತು. ಆದರೆ ಗಿರಾಕಿಯ ಜೇಬಿಗೂ ಕತ್ತರಿ ಬಿತ್ತಲ್ಲ!

ಎಂಬತ್ತರ ದಶಕದಲ್ಲಿ ದೇಶದ ತುಂಬಾ 'ವರ್ಷನ್' ಕ್ಯಾಸೆಟ್ಟುಗಳ ಹಾವಳಿ ಎದ್ದಿತು. ಹಳೆಯ ಜನಪ್ರಿಯ ಹಾಡು, ಹೊಸ ಗಾಯಕರು, ಅಗ್ಗದ ಬೆಲೆ. ಕಾನೂನು ಕೂಡ ಇದಕ್ಕೆ ದಾರಿ ಬಿಟ್ಟಿತ್ತು. ಮುಂಚಿತವಾಗಿ ತಿಳಿಸಿ ರಾಯಲ್ಟಿ ಕಟ್ಟಿದರೆ ಹಾಡನ್ನು ಮತ್ತೆ ಹಾಡಿಸಬಹುದಿತ್ತು. ಹೊಸಬರಿಗೆ ಅವಕಾಶ ಸಿಕ್ಕಿತು, ಬಡವನ ಮನೆಗೂ ಹಾಡು ಬಂತು, ಅದೆಲ್ಲ ಒಳ್ಳೆಯದೇ. ಆದರೆ ಕವರಿನ ಮೇಲೆ ಯಾರು? ಹಳೆಯ ಚಿತ್ರದ ತಾರೆಯರೇ! ಮೂಲ ಗಾಯಕರ ಹಾಡೇ ಎಂದು ನಂಬಿ ಮನೆಗೆ ಒಯ್ದವರು ಟೇಪ್ ರೆಕಾರ್ಡರಿಗೆ ಹಾಕಿದ ಮೇಲೆ ತಲೆಮೇಲೆ ಕೈಹೊತ್ತರು. ನಿಜವಾಗಿ ಹಾಡಿದ ಹೊಸಬರ ಹೆಸರೋ, ಭೂತಗನ್ನಡಿ ಬೇಕು. ಒಂದೇ ಚಿತ್ರದಿಂದ ಮೂವರಿಗೆ ಮೋಸ: ಹಳೆಯ ಗಾಯಕನಿಗೆ, ಹೊಸ ಗಾಯಕನಿಗೆ, ಕೊಂಡವನಿಗೆ.

ಕೊನೆಗೆ ಕಾನೂನೇ ಕವರಿನ ಮೇಲೆ ಕಣ್ಣಿಡಬೇಕಾಯಿತು. ಕಾಪಿರೈಟ್ ಕಾಯಿದೆ 1957ರದು. ಅದಕ್ಕೆ 1994ರಲ್ಲಿ ಆದ ತಿದ್ದುಪಡಿ, ಜನರ ದಾರಿತಪ್ಪಿಸುವಂಥ ಹೊದಿಕೆಯಲ್ಲಿ ಇಂಥ ಧ್ವನಿಮುದ್ರಿಕೆ ಮಾರಬಾರದು ಎಂದಿತು. 2012ರ ತಿದ್ದುಪಡಿ ಇನ್ನೂ ಬಿಗಿ ಮಾಡಿತು: ಮೂಲ ಗಾಯಕರ ಹೆಸರನ್ನಾಗಲೀ ಚಿತ್ರವನ್ನಾಗಲೀ, ಆ ಹಾಡಿದ್ದ ಸಿನಿಮಾವನ್ನಾಗಲೀ ಹೊದಿಕೆಯ ಮೇಲೆ ತೋರಿಸಕೂಡದು, ಇದು ಮರುಹಾಡಿಕೆ ಎಂದು ಹೊದಿಕೆಯಲ್ಲೇ ಹೇಳಬೇಕು. ಒಂದು ಮುಖಚಿತ್ರಕ್ಕೆ ಎಷ್ಟು ಬಲವಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನೊಂದು ಮೋಜು ಕೇಳಿ. 1984ರಲ್ಲೇ ಅದೇ ಕಾಯಿದೆಗೆ ಸೇರಿದ ಕಲಮು ಧ್ವನಿಮುದ್ರಿಕೆಯ ಮೇಲೂ ಅದರ ಡಬ್ಬಿಯ ಮೇಲೂ ಏನೇನು ಇರಬೇಕು ಎಂದು ಪಟ್ಟಿ ಕೊಡುತ್ತದೆ: ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಗಾಯಕನ ಹೆಸರು? ಆ ಪಟ್ಟಿಯಲ್ಲಿ ಇಲ್ಲ! ತನ್ನನ್ನು ಗಾಯಕನೆಂದು ಗುರುತಿಸಬೇಕೆಂದು ಕೇಳುವ ಹಕ್ಕು ಕಲಾವಿದನಿಗೆ ಬಂದದ್ದು 2012ರಲ್ಲಿ. ಅದಕ್ಕೂ ಒಂದು ಬಾಲವಿದೆ: ಬಳಕೆಯ ರೀತಿಯಿಂದಾಗಿ ಹೆಸರು ಬಿಡಲೇಬೇಕಾದ ಕಡೆ ಬಿಡಬಹುದು. ಜಾಗ ಸಾಲದು ಅನ್ನುವವರಿಗೆ ಈ ಬಾಲ ಸಿಕ್ಕರೆ ಬಿಟ್ಟಾರೆಯೇ?

ಉಗುರಿನಷ್ಟು ಜಾಗ

ಕ್ಯಾಸೆಟ್ಟಿನ ಕಾಲ ಮುಗಿಯಿತು, ಸಿ.ಡಿ. ಕಾಲವೂ ಮುಗಿಯಿತು. ಈಗ ಹಾಡು ಮೊಬೈಲಿನಲ್ಲಿ. ಆಲ್ಬಮ್ಮಿನ ಮುಖಚಿತ್ರ ಹೆಬ್ಬೆರಳಿನ ಉಗುರಿನಷ್ಟು! ಹತ್ತು ಚದರ ಇಂಚು ಸಾಲದು ಎಂದು ಅತ್ತಿದ್ದೆವಲ್ಲ, ಈಗ ಒಂದು ಇಂಚೂ ಇಲ್ಲ. ಆದ್ದರಿಂದ ಮುಖ ಇನ್ನೂ ದೊಡ್ಡದು, ಬಣ್ಣ ಇನ್ನೂ ಗಾಢ. ಸೂತ್ರ ಅದೇ, ಚೌಕಟ್ಟು ಮಾತ್ರ ಸಣ್ಣದು.

ಹಾಗೆಂದು ಎಲ್ಲವೂ ಕೆಟ್ಟಿತು ಅನ್ನಲಾರೆ. ಹಾಡಿನ ಸಾಲುಗಳೇ ಪರದೆಯ ಮೇಲೆ ಕುಣಿಯುವ ಲಿರಿಕಲ್ ವಿಡಿಯೋ ಬಂದಿದೆ. ಅದರಲ್ಲಿ ಕವಿಯ ಪದಗಳು ನಾಯಕನ ಮುಖದಷ್ಟೇ ದೊಡ್ಡದಾಗಿ ನಿಲ್ಲುತ್ತವೆ. ಕೆಳಗೆ ಬೆರಳಾಡಿಸಿದರೆ ಹಾಡಿದವರು, ಬರೆದವರು, ತಬಲ ಕೊಳಲು ನುಡಿಸಿದವರ ಹೆಸರೂ ಎಷ್ಟೋ ಸಲ ಸಿಗುತ್ತದೆ. ಜಾಗವಿಲ್ಲ ಎಂಬ ನೆಪ ಇಲ್ಲಿ ನಡೆಯದು. ಪರದೆಯ ಕೆಳಗೆ ಎಷ್ಟು ಬೇಕಾದರೂ ಬರೆಯಬಹುದು. ಬೇಕಾದದ್ದು ಬರೆಯುವ ಮನಸ್ಸು, ಓದುವ ಮನಸ್ಸು.

ತಾರೆಯರ ಮುಖ ಬೇಡ ಎಂದು ನಾನು ಹೇಳುವುದಿಲ್ಲ. ನನಗೂ ಬೇಕು! ಆ ಮುಖ ನೋಡಿಯೇ ಅಲ್ಲವೇ ನಾವೆಲ್ಲ ಬಸ್‌ಸ್ಟ್ಯಾಂಡಿನ ಅಂಗಡಿಯ ಮುಂದೆ ನಿಂತದ್ದು? ನನ್ನ ಅಹವಾಲು ಇಷ್ಟೇ. ಹಾಡು ಮಾರುವ ಮಹನೀಯರೇ, ಮುಖದ ಪಕ್ಕದಲ್ಲಿ ಒಂದು ಸಾಲು, ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ದನಿ ಯಾರದು, ಪದ ಯಾರದು ಎಂದು ಹಾಕಿ. ಕೊಳ್ಳುವ, ಕೇಳುವ ರಸಿಕರೇ, ಆ ಸಾಲು ಇಲ್ಲದಿದ್ದರೆ 'ಹಾಡಿದ್ದು ಯಾರಪ್ಪಾ?' ಎಂದು ಕೇಳಿ. ನೂರು ಜನ ಕೇಳಿದರೆ ಚಿತ್ರ ಬದಲಾಗುತ್ತದೆ. ಪ್ರತಿ ಗಾಯಕಿಯೂ ಗೌಹರ್ ಜಾನಳಂತೆ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿಕೊಳ್ಳಲಿ ಎಂದು ಬಿಡುವುದು ನಮಗೇನೂ ಶೋಭೆಯಲ್ಲ, ಅಲ್ಲವೇ?