ಕೆರೆಯ ನೀರೂ ಮೀನಿನ ಬಾಳೂ

ಗರುಡಾಚಾರ್‌ಪಾಳ್ಯದ ಸುತ್ತಣ ಕೆರೆಗಳಲ್ಲಿ ಜಿಲೇಬಿ ಮೀನನ್ನು ವಾಚಕರು ಕಂಡಿರಬಹುದು. ಆಫ್ರಿಕಾ ಮೂಲದ ಈ ಕುಲವು 1952ರಲ್ಲಿ ನಮ್ಮ ದೇಶಕ್ಕೆ ಬಂದಿತು. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಮರಿಗಳು ಬಹಳವಾಗಿ ಉಳಿಯುವುವು. ಆಳವಿಲ್ಲದ ಕೆರೆಯಲ್ಲಿ ಅವು ಕಿಕ್ಕಿರಿದರೆ ಆಹಾರವು ಸಾಲದು. ಅಂಗೈಯಗಲವೂ ಬೆಳೆಯದೆ ಸಂತಾನಕ್ಕೆ ತೊಡಗುವುವು. ಇದನ್ನು ಕುಳ್ಳು ಜಾತಿಯೆಂದು ಬಗೆಯುವವರುಂಟು. ಕೊರತೆ ಮೀನಿನದಲ್ಲ, ಕೆರೆಯದು.

ಚರಂಡಿಯ ನೀರು ಸೇರಿದಲ್ಲಿ ಪಾಚಿಯು ಹಬ್ಬುವುದು. ಅದು ಹಗಲಿನಲ್ಲಿ ನೀರಿಗೆ ಆಮ್ಲಜನಕವನ್ನು ಕೊಟ್ಟರೂ ಇರುಳಿನಲ್ಲಿ ತಾನೇ ಹೀರಿಕೊಳ್ಳುವುದು. ಮುಂಜಾವಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯ್ದೆರೆಯುವುದು ಇದರಿಂದಲೇ. 2016ರ ಮಾರ್ಚಿ ತಿಂಗಳಲ್ಲಿ ಹಲಸೂರು ಕೆರೆಯ ನೀರಿನಲ್ಲಿ ಆಮ್ಲಜನಕವು ಕುಗ್ಗಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಹೊರಗಾಳಿಯನ್ನೇ ಉಸಿರಾಡಬಲ್ಲ ಕೊರವ ಮೀನಾದರೋ ಇಂತಹ ನೀರಿನಲ್ಲಿಯೂ ಬದುಕಬಲ್ಲುದು.